ಒಂಬತ್ತು ಪಾದದ ಕುಣಿ

"ಈಗ ಯಾರನ್ನ ಕೇಳೂದು?"

ದುಂಡಪ್ಪ ಯಾರಿಗೆಂದೂ ಇಲ್ಲದೆ ಕೇಳಿದ. ಅಗೆಯುವ ಹಾರಿ ಅವನ ಕೈಯಲ್ಲಿತ್ತು. ಅದರ ತುದಿ ಗಟ್ಟಿ ಗರಸು ಮಣ್ಣಿನಲ್ಲಿ ನಾಲ್ಕು ಬೆರಳು ಇಳಿದಿತ್ತು, ಅಷ್ಟೇ. ಸುತ್ತ ಏಳೆಂಟು ಮಂದಿ ನಿಂತಿದ್ದರು. ಉತ್ತರ ಗೊತ್ತಿದ್ದವನು ಊರೊಳಗೆ ತನ್ನ ಮನೆಯ ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ, ಹಣೆ ತುಂಬ ವಿಭೂತಿ ಧರಿಸಿ ಕುಳಿತಿದ್ದ. ಅವನೇ ಕೇದಾರಿ, ತೀರಿಕೊಂಡು ಒಂದು ರಾತ್ರಿ ಕಳೆದಿತ್ತು.

ಕುಣಿ ಒಂಬತ್ತು ಪಾದ ಉದ್ದ, ಒಂಬತ್ತು ಪಾದ ಆಳ ಇರಬೇಕು. ಒಳಗೋಡೆಯಲ್ಲಿ ಗೂಡು ಕೊರೆದು ಲಿಂಗೈಕ್ಯರಾದವರನ್ನು ಅದರಲ್ಲಿ ಕುಳ್ಳಿರಿಸಬೇಕು. ಇಷ್ಟು ಊರಿನ ಕೂಸಿಗೂ ಗೊತ್ತಿತ್ತು. ಆದರೆ ಯಾರ ಪಾದ? ತೋಡುವವನದು ಎಂದು ಅಣ್ಣಪ್ಪ ಹೇಳಿದ. ಅಲ್ಲ, ಊರ ಹಿರಿಯನದು ಎಂದು ಪಂಚರಲ್ಲಿ ದೊಡ್ಡವನಾದ ಲಗಮಪ್ಪ ಹೇಳಿದ. ಹೇಳಿದ ಇಬ್ಬರಿಗೂ ತಮ್ಮ ಮಾತಿನ ಮೇಲೆ ನಂಬಿಕೆ ಇರಲಿಲ್ಲ. ಮಠದ ಅಯ್ಯನವರನ್ನು ಕೇಳಿಕೊಂಡು ಬರಲು ಒಬ್ಬನನ್ನು ಓಡಿಸಿದರು. ಅಯ್ಯನವರು ಮೂಡಲಗಿ ಕಡೆಯಿಂದ ಬಂದು ಇನ್ನೂ ಎರಡು ವರ್ಷ ಆಗಿರಲಿಲ್ಲ. ಹೋದವನು ಬಂದು, ಅದನ್ನೆಲ್ಲ ಕೇದಾರಿಯೇ ನೋಡಿಕೊಳ್ಳುತ್ತಿದ್ದನಂತೆ, ಅವರದು ಮಂತ್ರವಷ್ಟೇ ಅಂತೆ ಎಂದ. ಹೆಣ್ಣುಮಕ್ಕಳನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಇಪ್ಪತ್ತಮೂರು ವರ್ಷ ಈ ಊರಿನ ಹೆಣ ಹೊಳೆದಂಡೆಯ ಈ ದಿಬ್ಬಕ್ಕೆ ಬಂದಾಗಲೆಲ್ಲ ಕುಣಿ ಸಿದ್ಧವಾಗಿಯೇ ಇತ್ತು. ಅದು ಹೇಗೆ ಸಿದ್ಧವಾಗುತ್ತದೆಂದು ನೋಡಲು ಯಾರೂ ಒಂದು ತಾಸು ಮೊದಲು ಬಂದವರಲ್ಲ.

"ದುಂಡಪ್ಪನ ಪಾದನ ಹಿಡೀರಿ," ಅಂದ ಲಗಮಪ್ಪ. "ಹಾರಿ ಹಿಡದಾಂವನೂ ಅವನ, ವಯಸ್ಸಿನಾಗ ಹಿರ್ಯಾನೂ ಅವನ. ಎರಡೂ ಕಡೆ ಬರತೈತಿ."

"ಅವನ ಕಾಲು ನೋಡಿರೇನು?" ಅಂದ ಅಣ್ಣಪ್ಪ. "ಚಪ್ಲಿ ಹೊಲಿಯಾಂವ ಹುಡುಗರ ಅಳತಿ ತಗೀತಾನ ಅದಕ್ಕ."

ಒಂದಿಬ್ಬರು ನಕ್ಕು, ನಕ್ಕಿದ್ದಕ್ಕೆ ನಾಚಿ ಹೊಳೆಯ ಕಡೆಗೆ ನೋಡಿದರು. ದುಂಡಪ್ಪ ಚಪ್ಪಲಿ ಬಿಟ್ಟು ಹಿಮ್ಮಡಿಗೆ ಹೆಬ್ಬೆರಳು ಹಚ್ಚಿ ಒಂಬತ್ತು ಹೆಜ್ಜೆ ಅಳೆದ. ಅವನಿಗೆ ಅರವತ್ತರ ಮೇಲಾಗಿತ್ತು. ಹರೆಯದವರು ಇದ್ದರು, ಆದರೆ ಬೆಳಗ್ಗೆ ಹಾರಿ ಎತ್ತುವವರು ಯಾರು ಎಂದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದ್ದರು. ಕುಣಿ ತೋಡಿದ ಕೈಗೆ ಆಮೇಲೆ ಏನಾಗುತ್ತದೆಂದು ಅವರೆಲ್ಲ ಕಂಡಿದ್ದರು. ಹಾಗೆ ಆಗುವಂತೆ ಮಾಡಿದವರೂ ಅವರೇ ಆಗಿದ್ದರು. ಕಡೆಗೆ ದುಂಡಪ್ಪ ತಾನೇ ಮುಂದೆ ಬಂದಿದ್ದ.

ಅವನಿಗೆ ಇನ್ನೊಂದು ಚಿಂತೆಯೂ ಇತ್ತು. ಮನೆಯಲ್ಲಿ ತಾಯಿ ಅಕ್ಕವ್ವ ನೀರು ಬಿಟ್ಟು ಎರಡು ದಿನವಾಗಿತ್ತು. ಊರೆಲ್ಲ ಕಾಯುತ್ತಿದ್ದದ್ದು ಅವಳ ಸುದ್ದಿಗೆ. ಮೊನ್ನೆ ಸಂಜೆ ಕೇದಾರಿಯೂ ಬಂದು, ಬಾಗಿಲಾಚೆಯೇ ನಿಂತು, "ಅವ್ವ ಹ್ಯಾಂಗ ಅದಾಳ್ರಿ?" ಎಂದು ಕೇಳಿ ಹೋಗಿದ್ದ. ಒಳಗೆ ಬಾ ಎಂದು ದುಂಡಪ್ಪ ಅನ್ನಲಿಲ್ಲ. ಅನ್ನುವ ರೂಢಿ ತಪ್ಪಿ ಬಹಳ ವರ್ಷವಾಗಿತ್ತು.

*

ಇಪ್ಪತ್ತಮೂರು ವರ್ಷದ ಹಿಂದೆ, ಹತ್ತೊಂಬತ್ತುನೂರ ಹದಿನೆಂಟನೆಯ ಇಸವಿಯ ಜ್ವರದಲ್ಲಿ ದುಂಡಪ್ಪನ ತಂದೆ ಬೆಳಗಿನ ಜಾವ ತೀರಿಕೊಂಡಿದ್ದ. ಊರಲ್ಲಿ ಒಬ್ಬರಾದರೂ ಮಲಗದ ಮನೆಯೇ ಇರಲಿಲ್ಲ. ಎದ್ದು ಓಡಾಡುವವರೂ ಸತ್ತ ಮನೆಯ ಬಾಗಿಲು ದಾಟುತ್ತಿರಲಿಲ್ಲ. ಹೊತ್ತೇರಿದರೂ ತಂದೆಯ ಹೆಣದ ಮುಂದೆ ದುಂಡಪ್ಪ ಒಬ್ಬನೇ ಕುಳಿತಿದ್ದಾಗ ಕೇದಾರಿ ಬಂದ. ಮೈತುಂಬ ಗರಸಿನ ಧೂಳು. ಹಿಂದಿನ ದಿನ ಅವನು ತನ್ನ ತಮ್ಮನನ್ನು ಮಣ್ಣು ಮಾಡಿದ್ದ.

"ಕುಣಿ ಆಗೈತಿ ಅಣ್ಣಾ," ಅಂದ. "ಅಪ್ಪಾರ್ನ ಎತ್ತೂಣು."

ಯಾರು ಹೇಳಿದರು ನಿನಗೆ ಎಂದು ದುಂಡಪ್ಪ ಕೇಳಿದ. ಯಾರೂ ಹೇಳಿಲ್ಲ, ನಿಮ್ಮ ಮನೆಯ ಕಂದೀಲು ಬೆಳಕು ಹರಿದರೂ ಆರಿರಲಿಲ್ಲ, ನೋಡಿದೆ, ಎಂದ ಕೇದಾರಿ.

ಆ ಜ್ವರ ಇಳಿಯುವವರೆಗೆ ಅವನು ಹಾರಿ ಕೆಳಗಿಡಲಿಲ್ಲ. ಇಳಿದ ಮೇಲೂ ಇಡಲಿಲ್ಲ. ನಾಲ್ಕು ಎಕರೆ ಒಣಬೇಸಾಯದ ಒಕ್ಕಲುತನ ಅವನದು, ಯಾರ ಹಂಗಿನವನೂ ಅಲ್ಲ. ಒಬ್ಬರು ಜೋಳ ಕೊಡಲು ಹೋದರೆ, ಒಬ್ಬರು ಧೋತರ ಕೊಡಲು ಹೋದರೆ, ಇದು ಕೂಲಿ ಅಲ್ಲರಿ ಎಂದು ಕೈಮುಗಿಯುತ್ತಿದ್ದ. ಶ್ರಾವಣದಲ್ಲಿ ಮಠದಲ್ಲಿ ಪುರಾಣ ನಡೆದಾಗ ಕಂಬದ ಹಿಂದೆ ಕೂತು ಕೇಳುತ್ತಿದ್ದ. ಪುರಾಣದಲ್ಲಿ ಯಾವ ಶರಣನು ಏನು ಸೇವೆ ಮಾಡಿದ ಎಂದು ಬಂದಾಗ ಊರಿನವರ ಕಣ್ಣು ತುಂಬುತ್ತಿತ್ತು. ಅದೇ ಜನ ಮರುದಿನ ಬಿತ್ತಲು ಹೊರಟಾಗ ಕೇದಾರಿ ಎದುರು ಬಂದರೆ ಎತ್ತು ತಿರುಗಿಸಿಕೊಂಡು ಮನೆಗೆ ಬಂದು, ನೀರು ಕುಡಿದು ಹೋಗುತ್ತಿದ್ದರು.

ಯಾರೂ ಅವನಿಗೆ ಏನೂ ಅನ್ನಲಿಲ್ಲ. ಅನ್ನುವ ಪ್ರಸಂಗ ಬರದಂತೆ ಅವನೇ ನೋಡಿಕೊಂಡ. ಬೆಳಗ್ಗೆ ಊರ ಹಿಂದಿನ ಹಾದಿ ಹಿಡಿದು ಹೊಲಕ್ಕೆ ಹೋಗುತ್ತಿದ್ದ. ಯಾರ ಮನೆಯಲ್ಲಾದರೂ ಮದುವೆ ಹಂದರ ಬಿದ್ದರೆ ಆ ನಾಲ್ಕು ದಿನ ಅವನಿಗೆ ಧುಪದಾಳದಲ್ಲಿಯೋ ಗೋಕಾಕದಲ್ಲಿಯೋ ಏನಾದರೊಂದು ಕೆಲಸ ಬರುತ್ತಿತ್ತು.

*

ಹೊತ್ತು ನೆತ್ತಿಗೆ ಬಂದಾಗ ವಿಮಾನ ದಿಬ್ಬಕ್ಕೆ ಬಂತು. ಬಾಳೆಕಂಬ ಕಟ್ಟಿ, ಚೆಂಡುಹೂ ಸುತ್ತಿ, ಅದರೊಳಗೆ ಕೇದಾರಿಯನ್ನು ಕುಳ್ಳಿರಿಸಿದ್ದರು. ಹೆಂಡತಿ ಉದ್ದವ್ವ ಮತ್ತು ಮಗಳು ಗುಡ್ಡವ್ವ ಹೆಂಗಸರ ಜೊತೆ ಬೇವಿನ ಗಿಡದ ಕೆಳಗೆ ನಿಂತರು. ಗುಡ್ಡವ್ವ ಹುಕ್ಕೇರಿಯಿಂದ ನಸುಕಿನಲ್ಲೇ ಹೊರಟು ಬಂದಿದ್ದಳು. ಅವಳು ಅಳುತ್ತಿರಲಿಲ್ಲ. ಕುಣಿಯ ಬಾಯಿಯನ್ನೇ ನೋಡುತ್ತಿದ್ದಳು.

ದುಂಡಪ್ಪನ ಅಂಗೈ ಒಡೆದು ಹಾರಿಗೆ ಅಂಟುತ್ತಿತ್ತು. ಕೊನೆಗೆ ಮೂವರು ಹುಡುಗರೂ ಇಳಿದು ಕೈಜೋಡಿಸಿದ್ದರು. ಒಂಬತ್ತು ಪಾದ ಆಗಿತ್ತು, ಗೂಡೂ ಆಗಿತ್ತು. ಅಯ್ಯನವರು ಮಂತ್ರ ಹೇಳುತ್ತ ಮುಂದೆ ನಡೆದರು. ನಾಲ್ಕು ಮಂದಿ ಕೇದಾರಿಯನ್ನು ಕೆಳಗಿಳಿಸಿದರು. ಗೂಡಿನೊಳಗೆ ಸರಿಸಲು ಹೋದಾಗ ಹಣೆ ಅದರ ಮೇಲಂಚಿಗೆ ತಾಗಿ ಒಂದು ಹಿಡಿ ಮಣ್ಣು ಅವನ ಮಡಿಲಿಗೆ ಉದುರಿತು. ಆಳು ಎತ್ತರ, ಗೂಡು ಗಿಡ್ಡ. ಎತ್ತರ ಒಂದು ಗೇಣಿಗಿಂತ ಹೆಚ್ಚೇ ಸಾಲದಾಗಿತ್ತು.

ಭಜನೆ ನಿಂತಿತು. ಕುಣಿಯಲ್ಲಿದ್ದವರು ಮೇಲಿನವರ ಮುಖ ನೋಡಿದರು.

"ತಲಿ ಒಂಚೂರು ಬಗ್ಗಿಸಿ ಕುಂದ್ರಸ್ರಿ," ಅಂದ ಲಗಮಪ್ಪ ಮೆಲ್ಲಗೆ. "ಬಿಸಲು ಭಾಳ ಐತಿ."

ಬೇವಿನ ಗಿಡದ ಕೆಳಗಿಂದ ಉದ್ದವ್ವನ ದನಿ ಬಂತು. ಅದು ಎತ್ತರದ ದನಿಯಲ್ಲ.

"ಇಷ್ಟ ವರ್ಷ ಬಗ್ಗಿಸ್ಯಾನ. ಸಾಕ್ರಿ."

ಕೇದಾರಿಯನ್ನು ಮತ್ತೆ ಮೇಲಕ್ಕೆ ಎತ್ತಿದರು. ಒಮ್ಮೆ ಕುಣಿಗೆ ಇಳಿಸಿದವರನ್ನು ಮೇಲೆತ್ತಿದ್ದು ಆ ಊರಲ್ಲಿ ಅದೇ ಮೊದಲು. ವಿಮಾನದಲ್ಲಿ ಕುಳ್ಳಿರಿಸುವಾಗ ಅಣ್ಣಪ್ಪ ತನ್ನ ಹೆಗಲ ವಲ್ಲಿಯಿಂದ ಹೆಣದ ಹಣೆಯ ಮಣ್ಣನ್ನು ಒರೆಸಿದ. ಬೆಳಗ್ಗೆ ಮಾಡಿದ ಚೇಷ್ಟೆ ಅವನ ಬಾಯಲ್ಲಿ ಈಗ ಇರಲಿಲ್ಲ.

ಆಗ ಗುಡ್ಡವ್ವ ಬಂದಳು. ಸೆರಗಿನ ಅಂಚಿನಿಂದ ಒಂದು ಎಳೆ ಕಿತ್ತು, ಅಪ್ಪನ ಬಲಗಾಲಿನ ಅಡಿಗೆ ಹಿಡಿದು, ಹಿಮ್ಮಡಿಯಿಂದ ಹೆಬ್ಬೆರಳಿನ ತನಕ ಅಳೆದು ಗಂಟು ಹಾಕಿದಳು. ಒಂಬತ್ತು ಪಾದ ಎಂದರೆ ಸತ್ತವರದೇ ಪಾದ. ಅಷ್ಟೇ ಇತ್ತು ಅದು. ಗಂಡಸರ ನಡುವೆ ಒಂದು ಉಸಿರು ಹೊರಬಿತ್ತು. ಅವಳು ಸೀರೆಯನ್ನು ಕಚ್ಚೆ ಹಾಕಿ ಬಿಗಿದು ಕುಣಿಯ ಮೆಟ್ಟಿಲಿಗೆ ಕಾಲಿಟ್ಟಳು.

"ಹೆಣ್ಣಮಕ್ಕಳು ಕುಣಿಗಿ ಇಳಿಯೂದು ಎಲ್ಲೈತಿ?" ಅಂದ ಲಗಮಪ್ಪ.

"ಗಂಡಸರು ಇಳದದ್ದು ನೋಡಿದ್ವಲ್ರಿ ಮಾವಾ," ಅಂದಳು ಗುಡ್ಡವ್ವ. ತಿರುಗಿ ನೋಡಲಿಲ್ಲ.

*

ಗುಡ್ಡವ್ವನಿಗೆ ಹದಿನಾರು ತುಂಬಿದ ವರ್ಷ ದುಂಡಪ್ಪ ತನ್ನ ಮಗ ಶಿದ್ರಾಮನಿಗೆ ಅವಳನ್ನು ತರುವುದೆಂದು ಕೇದಾರಿಯ ಹತ್ತಿರ ಮಾತಾಡಿದ್ದ. ಹುಡುಗಿ ಗಟ್ಟಿ, ಮಾತು ಕಡಿಮೆ, ಅಪ್ಪನಿಗೆ ಬುತ್ತಿ ಒಯ್ದು ದಿಬ್ಬದ ಮೇಲೆ ಕೂತು ಕಾಯುವವಳು. ತಾಯಿ ಅಕ್ಕವ್ವ ಒಪ್ಪಲಿಲ್ಲ. ಹೆಣದ ಮಣ್ಣು ಹೊತ್ತ ಬುಟ್ಟಿಯ ಪಕ್ಕದಲ್ಲಿ ಬುತ್ತಿ ಇಟ್ಟ ಕೈ ನನ್ನ ಒಲೆ ಮುಟ್ಟಬಾರದು ಎಂದಳು. ಆ ಮಾತು ಮನೆಯೊಳಗೇ ಆಡಿದ್ದು, ಆದರೆ ಗೋಡೆ ದಾಟಿ ಹೋಗಿರಬೇಕು. ಕೇದಾರಿಗೆ ಇದನ್ನು ಹೇಗೆ ಹೇಳಲಿ ಎಂದು ದುಂಡಪ್ಪ ಎಂಟು ದಿನ ಒದ್ದಾಡಿದ. ಒಂಬತ್ತನೆಯ ದಿನ ಕೇದಾರಿ ತಾನೇ ಬಂದ. ಬಾಗಿಲಲ್ಲೇ ನಿಂತ.

"ಅಣ್ಣಾ, ತಪ್ಪ ತಿಳಕೋಬ್ಯಾಡ್ರಿ. ಹುಡುಗಿಗಿ ಹುಕ್ಕೇರಿ ಕಡಿಂದ ಕೇಳಾಕ ಬಂದಾರ. ನಾ ಅವರಿಗಿ ಮಾತ ಕೊಟ್ಟಬಿಟ್ಟೆ."

ಹುಕ್ಕೇರಿಯಿಂದ ಯಾರೂ ಬಂದಿರಲಿಲ್ಲ. ಅದು ದುಂಡಪ್ಪನಿಗೂ ಗೊತ್ತಿತ್ತು. ಅವನಿಗೆ ಗೊತ್ತಿದೆಯೆಂಬುದು ಕೇದಾರಿಗೂ ಗೊತ್ತಿತ್ತು. ಸುಳ್ಳಾಡಿದವನು ನೆಲ ನೋಡಿದ. ಸುಳ್ಳನ್ನು ಇಸಿದುಕೊಂಡವನ ಎದೆ ಹಗುರವಾಯಿತು. ಹಾಗಾದರೆ ಒಳ್ಳೆಯದಾಯಿತು ಬಿಡು ಎಂದು ದುಂಡಪ್ಪ ಅಂದ. ಆರು ತಿಂಗಳ ಮೇಲೆ ಕೇದಾರಿ ಆ ಸುಳ್ಳನ್ನು ಖರೆ ಮಾಡಿದ. ಹುಕ್ಕೇರಿಯಲ್ಲಿ ಒಬ್ಬ ಎರಡನೆಯ ಸಂಬಂಧದವನು ಸಿಕ್ಕ, ಗುಡ್ಡವ್ವನಿಗಿಂತ ಇಪ್ಪತ್ತು ವರ್ಷ ದೊಡ್ಡವನು.

ಅದೇ ವರ್ಷ ದುಂಡಪ್ಪನ ಹೆಂಡತಿ ಹೆರಿಗೆಯಲ್ಲಿ ಹೋದಳು. ಕುಣಿ ಸಿದ್ಧವಾಗಿತ್ತು. ಗೂಡಿನ ಒಳಗೋಡೆಯನ್ನು ಕೇದಾರಿ ಒದ್ದೆ ಅಂಗೈಯಿಂದ ಸವರಿ ಸವರಿ ನುಣುಪು ಮಾಡಿದ್ದ, ಬೆನ್ನಿಗೆ ಒಂದು ಹರಳೂ ಒತ್ತದ ಹಾಗೆ.

*

ಕುಣಿಯಲ್ಲಿ ಈಗ ಇಬ್ಬರೇ ಇದ್ದರು. ಹುಡುಗರು ಮೇಲೆ ಹತ್ತಿ ಹೋಗಿದ್ದರು. ದುಂಡಪ್ಪನಿಗೆ ಹತ್ತಲು ಮನಸ್ಸಾಗಲಿಲ್ಲ. ಗುಡ್ಡವ್ವ ಅವನಿಗೆ ಬುಟ್ಟಿ ತೋರಿಸಿದಳು. ಅವಳು ಕಡಿದ ಮಣ್ಣನ್ನು ಅವನು ತುಂಬಿ ತುಂಬಿ ಮೇಲಕ್ಕೆ ಕೊಟ್ಟ. ಮೊದಲು ಅವಳು ಗಂಟು ಹಾಕಿದ ಎಳೆಯಿಂದ ಒಂಬತ್ತು ಪಾದ ಅಳೆದು ನೆಲವನ್ನು ಇನ್ನಷ್ಟು ಆಳ ಮಾಡಿದಳು. ಆಮೇಲೆ ಹಾರಿಯನ್ನು ತಿರುಗಿಸಿ ಹಿಡಿದು ಗೂಡಿನ ಮೇಲ್ಭಾಗಕ್ಕೆ ಮೆಲ್ಲಗೆ ತಟ್ಟಿ, ಕಿವಿಗೊಟ್ಟು, ಗರಸು ಎಲ್ಲಿ ಸಡಿಲು ಎಲ್ಲಿ ಬಿಗಿ ಎಂದು ಕೇಳಿಕೊಂಡು, ಕಮಾನಿನಂತೆ ಕೊರೆದಳು. ಒಂದು ಹೆಂಟೆಯೂ ಕುಸಿಯಲಿಲ್ಲ. ದುಂಡಪ್ಪ ಮಾಡಿದ ಗೂಡಿನ ಅಂಚು ಬೆಳಗಿನಿಂದ ಮೂರು ಸಲ ಕುಸಿದಿತ್ತು.

ನನ್ನದು ತಪ್ಪಾಯಿತು ಎನ್ನಬೇಕೆನಿಸಿತು ಅವನಿಗೆ. ಹನ್ನೆರಡು ವರ್ಷದಿಂದ ಆಡದೆ ಉಳಿದ ಮಾತು. ಮೇಲೆ ಊರೆಲ್ಲ ಬಗ್ಗಿ ನೋಡುತ್ತಿತ್ತು. ಅವನು ಬುಟ್ಟಿ ಎತ್ತಿಕೊಟ್ಟ.

ಇಪ್ಪತ್ತಮೂರು ವರ್ಷದಲ್ಲಿ ಒಂದು ಹೆಣವನ್ನೂ ಕಾಯಿಸದವನು ಆ ದಿನ ಬಿಸಿಲಲ್ಲಿ ಕಾದ. ನೆರಳು ಉದ್ದವಾಯಿತು. ಭಜನೆಯವರ ದನಿ ಒಣಗಿ, ತಾಳವಷ್ಟೇ ಉಳಿಯಿತು. ಕಡೆಗೆ ಕೇದಾರಿಯನ್ನು ಇಳಿಸಿದಾಗ ತಲೆ ನೆಟ್ಟಗೆ, ಬೆನ್ನು ಗೋಡೆಗೆ, ಎಡಗೈಯಲ್ಲಿ ಲಿಂಗ, ಸರಿಯಾಗಿ ಕೂತ. ಬಿಲ್ವಪತ್ರಿ, ವಿಭೂತಿ, ಆಮೇಲೆ ಎಲ್ಲರ ಕೈಯ ಮಣ್ಣು.

ಜನ ಹೊಳೆಯಲ್ಲಿ ಮಿಂದು ಹೊರಟರು. ಲಗಮಪ್ಪ ದುಂಡಪ್ಪನನ್ನು ಬದಿಗೆ ಕರೆದು, ನಿಮ್ಮ ಅವ್ವಂದು ಇವತ್ತೋ ನಾಳೆಯೋ, ಇಂದಿನ ಹಾಗೆ ಮತ್ತೆ ಆದರೆ ಊರಿನ ಮಾನ ಹೋಗುತ್ತದೆ, ಕುಣಿ ತೋಡಲು ಗುಡ್ಡವ್ವನನ್ನು ಈಗಲೇ ಕೇಳಿಬಿಡು ಎಂದ. ದುಂಡಪ್ಪ ತಾನು ಕೇಳಬೇಕಾದದ್ದು ಬೇರೆ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡು ದಂಡೆಗೆ ಇಳಿದ.

ಗುಡ್ಡವ್ವ ನೀರಂಚಿನ ಕಲ್ಲಿನ ಮೇಲೆ ಕೂತು, ಉಗುರಿನ ಸಂದಿಯ ಮಣ್ಣನ್ನು ಕಡ್ಡಿಯಿಂದ ತೆಗೆಯುತ್ತಿದ್ದಳು. ಉದ್ದವ್ವ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದಳು.

"ಗುಡ್ಡವ್ವ," ಅಂದ ಅವನು. ಅವಳು ತಲೆ ಎತ್ತಿದಳು. ಆ ಕಣ್ಣಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಬಹುಶಃ ತಪ್ಪಾಯಿತೆಂಬ ಮಾತು ಬರುತ್ತಿತ್ತು. ಸಿದ್ಧ ಮಾಡಿಕೊಂಡು ಬಂದದ್ದು ಅವನ ನಾಲಿಗೆಯ ಮೇಲೆ ಹೊರಳಿ, ಬಾಯಿಯಿಂದ ಬಂದದ್ದು ಬೇರೆಯೇ ಆಗಿತ್ತು.

"ಅವ್ವಂದು ಇವತ್ತು ನಾಳಿ ಐತಿ. ನೀ ಇನ್ನೊಂದೆರಡ ದಿವಸ ಇರ್ತಿಯಲ್ಲ, ಆಕಿದೊಂದು ಗೂಡು ನೀನ ತಗದ ಕೊಡವ್ವಾ."

ಹೇಳಿದ ಮೇಲೆ ಅವನಿಗೇ ಅದು ಕೇಳಿಸಿತು. ಅವ್ವ, ಒಲೆ, ಬುತ್ತಿಯ ಕೈ, ಎಲ್ಲ ಆ ಒಂದು ಮಾತಿನೊಳಗಿತ್ತು. ಹಿಂದಕ್ಕೆ ತೆಗೆದುಕೊಳ್ಳಲು ಬರುವಂತಿರಲಿಲ್ಲ. ಉದ್ದವ್ವ ಕಣ್ಣು ತೆರೆದು ಮಗಳನ್ನು ನೋಡಿದಳು.

ಗುಡ್ಡವ್ವ ಕಡ್ಡಿಯನ್ನು ನೀರಿಗೆ ಬಿಟ್ಟು, ಎರಡೂ ಕೈಯನ್ನು ಮಣಿಕಟ್ಟಿನವರೆಗೆ ಅದ್ದಿದಳು. ಕೆಂಪು ಮಣ್ಣು ಎಳೆಯಾಗಿ ಹರಿದುಹೋಯಿತು.

"ಇಲ್ಲರಿ ಕಾಕಾ," ಅಂದಳು. "ನಾ ತಗಿಯಂಗಿಲ್ಲ."