ಟೀಮೋನ ಮುಷ್ಟಿಯಲ್ಲಿದ್ದ ತೋಟಾ

ನಾನು ಒಂದು ಹಿತ್ತಾಳೆಯ ತೋಟಾ. ಬಂದೂಕಿನ ಗುಂಡನ್ನೂ ಮದ್ದನ್ನೂ ಹೊತ್ತ ಕವಚ. ಕಾರ್ಖಾನೆಯಲ್ಲಿ ಹುಟ್ಟಿದೊಡನೆ ನನ್ನ ತಳಕ್ಕೆ ನಮ್ಮ ಇಡೀ ಕಂತಿನ ಸಂಖ್ಯೆಯನ್ನು ಅಚ್ಚೊತ್ತಿದರು. ಅದು ಒಬ್ಬ ಮೇಜರ್‌ನ ಕೊರಳಿಗೆ ಉರುಳಾದೀತೆಂದು ಒತ್ತಿದವನಿಗೂ ತಿಳಿದಿರಲಿಲ್ಲ.

ಹಡಗು ಹತ್ತಿ ಕಿರಾಂಬೆ ದೇಶಕ್ಕೆ ಬಂದೆ. ಒಂದು ಬೆಳಗ್ಗೆ ಮೇಜರ್ ದೆರೂನ ಪಡೆ ನದಿದಂಡೆಯ ಹಳ್ಳಿಗೆ ನುಗ್ಗಿ ಗಂಡಸರನ್ನು ಗೋಡೆಗೆ ನಿಲ್ಲಿಸಿತು. "ಹೊಡೀರಿ!" ಎಂದ ದೆರೂ. ನನ್ನ ಹೊಟ್ಟೆಯ ಬೆಂಕಿ ಸಿಡಿಯಿತು. ನನ್ನ ಗುಂಡು ಹದಿನೇಳರ ಟೀಮೋನ ಕೊರಳನ್ನು ಸೀಳಿತು. ನಾನು ಸುಡುತ್ತಾ ಅವನ ತಾಯಿ ನೋಬಾಳ ಕಾಲ ಬಳಿ ಬಿದ್ದೆ. ಗೋಡೆಯ ಬುಡದಲ್ಲಿ ಹನ್ನೊಂದು ಹೆಣ.

ಖಾಲಿ ತೋಟಾಗಳನ್ನೆಲ್ಲ ಹಿಂದಿರುಗಿಸುವುದು ಆ ಸೇನೆಯ ಕಟ್ಟಳೆ. ಸೈನಿಕರು ನೆತ್ತರಿನೊಳಗೆ ಕೈಯಾಡಿಸಿ ಹೆಕ್ಕಿದರು. ಒಂದು ಕಡಿಮೆ! ಹೆಂಗಸರ ಜಡೆ ಜಾಲಾಡಿದರು. ಒಬ್ಬಳ ಹಲ್ಲು ಮುರಿದು ಬಾಯೊಳಗೂ ನೋಡಿದರು. ಬಂದೂಕಿನ ಹಿಡಿ ನೋಬಾಳ ಕೆನ್ನೆಯನ್ನು ಒಡೆಯಿತು. ಮಗನ ಹೆಣವನ್ನು ತಬ್ಬಿದ್ದ ಅವಳು ಅಲುಗಲಿಲ್ಲ. ಯಾರೂ ಕಾಣದಂತೆ ನನ್ನನ್ನು ಅವಳು ಟೀಮೋನ ಮುಷ್ಟಿಯೊಳಗೆ ಅಡಗಿಸಿದ್ದಳು. ಸತ್ತವನ ಕೈ ಬಿಚ್ಚಿದವನ ಮನೆ ಹಾಳಾಗುತ್ತದೆಂಬುದು ಅಲ್ಲಿಯ ನಂಬಿಕೆ. ಸೈನಿಕರೂ ಆ ನಾಡಿನವರೇ.

ಮಣ್ಣು ಮಾಡುವ ಮುನ್ನ ಆ ಮುಷ್ಟಿಯನ್ನು ನೋಬಾಳೇ ಬಿಚ್ಚಿದಳು. "ನನ್ನ ಮನೆ ಇನ್ನೆಷ್ಟು ಹಾಳಾಗುತ್ತೆ?"

ನಾಲ್ಕು ದಿನ ನಡೆದು ಅವಳು ರಾಜಧಾನಿಯ ಭಾರತೀಯ ರಾಯಭಾರ ಕಚೇರಿ ಸೇರಿದಳು. ಕಿರಾಂಬೆಯ ಸೇನಾಧಿಕಾರಿಗಳು ತರಬೇತಿಗೆ ಹೋಗುತ್ತಿದ್ದುದು ಭಾರತಕ್ಕೆ. ರಾಯಭಾರಿ ವತ್ಸಲಾ ಹುಯಿಲಗೋಳ ಧಾರವಾಡದವರು. ಸೇನಾ ಸಲಹೆಗಾರ ಚೆಂಗಪ್ಪ ಕೊಡಗಿನವನು. ನೋಬಾ ನನ್ನನ್ನು ಅವರ ಮುಂದಿಟ್ಟಳು.

"ಇಲ್ಲಿನ ಸೇನಾಪತಿ ಏನಂತಾನ ಗೊತ್ತೇನ್ರೀ ಚೆಂಗಪ್ಪ? ದೆರೂನ ಮಂದಿ ಅಲ್ಲೆ ಸತ್ತ ಹವಾಲ್ದಾರಗ ಗೌರವದ ಗುಂಡು ಹಾರಿಸಿದ್ರಂತ, ಬರೇ ಸದ್ದಂತ. ಮಂದೀನ್ನ ಕೊಂದವರು ಬಂಡುಕೋರರಂತ."

ಚೆಂಗಪ್ಪ ನನ್ನ ಬಾಯಿಯನ್ನು ಬೆರಳಿನಿಂದ ಸವರಿದ. "ಮೇಡಂ, ನಮ್ಮ ಕೊಡಗಲ್ಲಿ ಗಂಡುಮಗು ಹುಟ್ಟಿದ್ರೆ ಒಂದು ಗುಂಡು, ಯಾರಾದ್ರೂ ಸತ್ರೆ ಎರಡು. ತೋಟಾ ನೋಡ್ತಾನೇ ಬೆಳೆದವನು ನಾನು. ಬರೀ ಸದ್ದಿನದಾದ್ರೆ ಬಾಯನ್ನ ಮೊಗ್ಗಿನ ಹಾಗೆ ಮಡಿಸಿರ್ತಾರೆ. ಸಿಡಿದ ಮೇಲೂ ಮಡಿಕೆಯ ಗುರುತು ಹೋಗಲ್ಲ. ಇದು ನೋಡಿ, ಬಳೆಯಷ್ಟು ನುಣುಪು. ಇದರಲ್ಲಿ ಗುಂಡಿತ್ತು."

"ಹಂಗಾರ ನಡೀರಿ, ಅವನ ಚಹಾ ಕುಡದು ಬರೂಣು."

ಸೇನಾಪತಿ ನನ್ನನ್ನು ಕಂಡು ನಕ್ಕ. "ಯಾವ ಸಂತೆಯಲ್ಲಿ ಕೊಂಡಿರಿ, ರಾಯಭಾರಿಗಳೇ?"

ವತ್ಸಲಾ ನನ್ನನ್ನು ತಲೆಕೆಳಗು ಮಾಡಿ ಸಂಖ್ಯೆಯನ್ನು ತೋರಿಸಿದರು. ಪಕ್ಕದಲ್ಲೊಂದು ಪತ್ರವಿಟ್ಟರು. ನನ್ನನ್ನು ಮಾರಿದ ದೇಶದ ರಾಯಭಾರಿ ಬರೆದದ್ದು: ಆ ಸಂಖ್ಯೆಯ ತೋಟಾಗಳು ಹೋಗಿದ್ದುದು ದೆರೂನ ಪಡೆಗೆ ಮಾತ್ರ.

"ಮೇಜರ್ ದೆರೂ ಕಟಕಟೆ ಹತ್ತುವ ತನಕ ನಿಮ್ಮ ಒಬ್ಬ ಅಧಿಕಾರಿಗೂ ನಮ್ಮಲ್ಲಿ ತರಬೇತಿಯಿಲ್ಲ. ಈ ಪತ್ರ ಬರೆದವರ ದೇಶದಿಂದ ಒಂದು ತೋಟಾ ಕೂಡ ಬರುವುದಿಲ್ಲ."

ಸೇನಾಪತಿಯ ಬಟ್ಟಲು ತುಟಿಗೆ ತಲುಪಲಿಲ್ಲ.

ಏಳು ತಿಂಗಳ ಹಗ್ಗಜಗ್ಗಾಟದ ಬಳಿಕ ದೆರೂ ಕಟಕಟೆ ಹತ್ತಿದ. ಜೀವಾವಧಿ ಶಿಕ್ಷೆಯಾಯಿತು. ನ್ಯಾಯಾಧೀಶರು ನನ್ನ ಸಂಖ್ಯೆಯನ್ನು ಓದಿದರು; ನನ್ನ ಗುಂಡು ಯಾರನ್ನು ಕೊಂದಿತೆಂದು ಕೇಳಲಿಲ್ಲ. ಕೇಳಿದ್ದರೆ ತಾಯಿಯ ಎದುರಿಗೇ ಒಪ್ಪಿಕೊಳ್ಳುತ್ತಿದ್ದೆ.

ಈಗ ನ್ಯಾಯಾಲಯದ ಕಪಾಟಿನಲ್ಲಿ ಕಿಲುಬು ಹಿಡಿಯುತ್ತಿದ್ದೇನೆ. ತೀರ್ಪಿನ ದಿನ ಗುಮಾಸ್ತ ನೋಬಾಳನ್ನು ಕೇಳಿದ್ದ: "ಅಮ್ಮಾ, ಇದು ನಿಮಗೆ ವಾಪಸು ಬೇಕಾ?"

ಅವಳು ನನ್ನನ್ನು ಒಮ್ಮೆ ಮುಷ್ಟಿಯಲ್ಲಿ ಬಿಗಿದು, ಮತ್ತೆ ಮೇಜಿನ ಮೇಲಿಟ್ಟಳು.

"ಇಲ್ಲೇ ಇರಲಿ. ಅವನು ಮೇಲ್ಮನವಿ ಹಾಕ್ತಾನೆ."