ಹೋಳಿಗೆಯ ಮೇಲೊಂದು ಗುಟುಕು ವೈನು

ತಾವರಗೇರಾ ಕಡೆ ವೈನು ಅಂದರೆ ಸಿಹಿ ಇರಬೇಕು, ಶರಬತ್ತಿನಂತೆ ತಿಳಿಯಾಗಿರಬೇಕು. ಈ ಕಾಯ್ದೆ ಯಾರು ಮಾಡಿದರೋ ಆ ಪುಣ್ಯಾತ್ಮರೇ ಬಲ್ಲರು. ವಾಣಿಶ್ರೀ ಮಾಡಿದ ವೈನು ಸಿಹಿಯೂ ಇರಲಿಲ್ಲ, ತಿಳಿಯೂ ಇರಲಿಲ್ಲ. ಬಾಟಲಿಯ ತಳದಲ್ಲಿ ತೆಳ್ಳಗೆ ಗಸಿ, ಬೆಳಕಿಗೆ ಹಿಡಿದರೆ ಮಬ್ಬು ಮಬ್ಬು. ಕೊಪ್ಪಳದ ಅಂಗಡಿಯವನು ಬಾಟಲಿ ತಿರುವಿ ನೋಡಿ, "ಇದು ಕೆಟ್ಟೈತ್ರಿ" ಅಂದ. ಗಂಗಾವತಿಯವನು ಒಂದು ಗುಟುಕು ಕುಡಿದು, "ಸಕ್ರಿ ಹಾಕಾಕ ಮರತೀರೇನ್ರಿ?" ಅಂತ ಕೇಳಿದ. ಕೇಳಿದ್ದು ಚೇಷ್ಟೆಗಲ್ಲ, ಪಾಪ, ನಿಜವಾದ ಕಾಳಜಿಯಿಂದ. ಅದೇ ವಾಣಿಶ್ರೀಗೆ ಹೆಚ್ಚು ಉರಿದದ್ದು.

ಅವಳೇನು ಹುಡುಗಾಟಕ್ಕೆ ಮಾಡಿದವಳಲ್ಲ. ನಲವತ್ತೆರಡು ದಾಟಿದ ಹೆಂಗಸು. ಹೊಲದಲ್ಲಿ ಎರಡು ಎಕರೆ ಕರಿ ದ್ರಾಕ್ಷಿ, ಪಕ್ಕದಲ್ಲೊಂದು ತಗಡಿನ ಷೆಡ್ಡು, ಅದರೊಳಗೆ ನಾಲ್ಕು ಸ್ಟೀಲಿನ ಡ್ರಮ್ಮು. ತರಬೇತಿಗೆಂದು ಹೋಗಿ ಕಲಿತು ಬಂದಿದ್ದಳು, ಲೈಸೆನ್ಸಿಗೆ ಎರಡು ವರ್ಷ ಕಚೇರಿಯಿಂದ ಕಚೇರಿಗೆ ಅಲೆದಿದ್ದಳು. ಮೊದಲ ವರ್ಷದ ವೈನು ಕೆಟ್ಟು ವಿನೆಗರ್ ಆಯಿತು. ಎರಡನೆಯ ವರ್ಷ ಪರವಾಗಿಲ್ಲ ಅನ್ನುವಂತಿತ್ತು. ಈ ವರ್ಷದ್ದು ಮಾತ್ರ ಅವಳ ನಾಲಗೆಗೆ ಸರಿಯಾಗಿ ಕೂತಿತ್ತು. ಸಕ್ಕರೆ ಹಾಕಲಿಲ್ಲ, ಹುದುಗು ಬರಿಸುವ ಪುಡಿ ಹಾಕಲಿಲ್ಲ, ಕೆಡದಂತೆ ಇಡುವ ಔಷಧವನ್ನೂ ಹಾಕಲಿಲ್ಲ. "ದ್ವಾಸಿ ಹಿಟ್ಟಿಗೆ ಯಾರರ ಪುಡಿ ಹಾಕ್ತಾರೇನ್ರಿ? ರಾತ್ರಿ ಮುಚ್ಚಿಟ್ರ ತಾನ ಉಬ್ಬತೈತಿ. ದ್ರಾಕ್ಷಿನೂ ಹಂಗ" ಅನ್ನುತ್ತಿದ್ದಳು ಕೇಳಿದವರಿಗೆ. ಕೇಳಿದವರು ತಲೆಯಾಡಿಸಿ, ಸಕ್ಕರೆ ಹಾಕಿದ್ದರೆ ಚಲೋ ಇತ್ತು ಅಂದುಕೊಂಡು ಹೋಗುತ್ತಿದ್ದರು.

ಇದರಲ್ಲಿ ಅವಳಿಗೆ ಒಬ್ಬರೇ ಜೊತೆ, ಅತ್ತೆ ಶೇಖರಮ್ಮ. ಎಪ್ಪತ್ತು ದಾಟಿದ ಜೀವ, ಒಂದು ತೊಟ್ಟು ವೈನು ನಾಲಗೆಗೆ ಮುಟ್ಟಿಸಿದವರಲ್ಲ, ಮುಟ್ಟಿಸುವವರೂ ಅಲ್ಲ. ಆದರೆ ಮಾಘ ಮಾಸದಲ್ಲಿ ದ್ರಾಕ್ಷಿ ತುಳಿದು ಡ್ರಮ್ಮಿಗೆ ತುಂಬಿದ ಮೇಲೆ ಹನ್ನೆರಡು ದಿನ ಬೆಳಿಗ್ಗೆ ಸಂಜೆ ಕಟ್ಟಿಗೆ ಹಿಡಿದು, ಮೇಲೆ ತೇಲಿದ ಸಿಪ್ಪೆಯನ್ನು ಒಳಗೆ ಒತ್ತಿದವರು ಅವರೇ. ಡ್ರಮ್ಮಿಗೆ ಕಿವಿ ಹಚ್ಚಿ, ಒಳಗಿನ ಸುಯ್ ಅನ್ನುವ ಸದ್ದು ಕೇಳಿ, "ಇನ್ನೂ ಮಾತಾಡಾಕತ್ತೈತಿ, ಮುಚ್ಚಬ್ಯಾಡ" ಅನ್ನುತ್ತಿದ್ದರು. ಸದ್ದು ನಿಂತ ದಿನವನ್ನೂ ಅವರೇ ಹೇಳಿದರು.

ಗಂಡ ಬಸವಕುಮಾರ ಕುಷ್ಟಗಿಯ ಹೈಸ್ಕೂಲಿನಲ್ಲಿ ಮಾಸ್ತರ. ಒಳ್ಳೆಯ ಮನುಷ್ಯ, ಆದರೆ ಲೋಕ ಹೇಳಿದ್ದಕ್ಕೆ ಬೇಗ ಹೂಂ ಅನ್ನುವವನು. ವಾರದ ಹಿಂದೆ ಊಟಕ್ಕೆ ಕೂತಾಗ ಹೇಳಿಬಿಟ್ಟ: "ಮುನ್ನೂರು ಬಾಟ್ಲಿ ಷೆಡ್ನ್ಯಾಗ ಕುಂತಾವ. ಮುಂದಿನ ಸುಗ್ಗಿಗೆ ಮಂದಿ ಮಾಡಿದಂಗ ಮಾಡೂಣು. ಸಕ್ರಿ ಹಾಕೂಣು, ಸೋಸೂಣು." ವಾಣಿಶ್ರೀ ರೊಟ್ಟಿ ಮುರಿದಳು. ಆಮೇಲೆ, "ಆನೆಗೊಂದಿಯಿಂದ ಹನಮೇಶ ಅನ್ನಾವ ಬರಾವಿದಾನ. ಆತನೂ ಬ್ಯಾಡ ಅಂದ್ರ ನೀವು ಹೇಳಿದಂಗ ಆಗ್ಲಿ" ಅಂದಳು. ಮಾತು ಕೊಟ್ಟಳು ನಿಜ, ಮನಸ್ಸು ಮಾತ್ರ ಒಪ್ಪಿರಲಿಲ್ಲ. ಸಕ್ಕರೆ ಹಾಕಿದ ಮೇಲೆ ಅದು ಯಾರ ವೈನಾದರೂ ಆದೀತು, ತನ್ನದಂತೂ ಅಲ್ಲ.

ಹನಮೇಶ ಸಿದ್ದಾಪುರದ ಭತ್ತದ ಗದ್ದೆಗಳ ನಡುವೆ ಬೆಳೆದವನು. ಹತ್ತು ವರ್ಷ ಗೋವಾದ ಹೋಟೆಲಿನ ಅಡುಗೆಮನೆಯಲ್ಲಿ ದುಡಿದು ಬಂದು, ಈಗ ಆನೆಗೊಂದಿಯಲ್ಲಿ ಹನ್ನೆರಡು ಟೇಬಲ್ಲಿನ ಊಟದ ಮನೆ ನಡೆಸುತ್ತಿದ್ದ. ಸಣ್ಣ ಸಣ್ಣವರು ಕೈಯಾರೆ ಮಾಡಿದ ವೈನನ್ನೇ ಹುಡುಕಿ ಇಡುತ್ತಾನೆ, ಮಬ್ಬು ಇದ್ದರೆ ಬೇಡ ಅನ್ನುವುದಿಲ್ಲ ಅಂತ ವಾಣಿಶ್ರೀಗೆ ತಿಳಿದಿತ್ತು.

ದೀಪಾವಳಿ ಮುಗಿದ ವಾರ, ಹನ್ನೊಂದು ಗಂಟೆಯ ಹೊತ್ತಿಗೆ ಅವನ ಜೀಪು ಮನೆಯ ಮುಂದೆ ನಿಂತಿತು. ಓಡಿಸಿಕೊಂಡು ಬಂದವನು ನೂರಸಾಬ, ಐವತ್ತರ ಆಸುಪಾಸಿನ ಗಟ್ಟಿ ಆಳು. ವಾಣಿಶ್ರೀ ಎಲ್ಲ ಪಾಠ ಓದಿಕೊಂಡಂತೆ ಮಾಡಿಟ್ಟಿದ್ದಳು. ಬಾಟಲಿಯನ್ನು ಹಸಿ ಗೋಣಿಚೀಲದಲ್ಲಿ ಸುತ್ತಿ ತಂಪು ಮಾಡಿದ್ದಳು. ಇಂಥ ವೈನಿಗೆ ಮೊದಲು ಒಂಥರಾ ಮುಗ್ಗಲು ವಾಸನೆ ಇರುತ್ತದೆ, ಗಾಳಿಯಾಡಿದರೆ ಹೋಗುತ್ತದೆ ಅಂತ ಅರ್ಧ ತಾಸು ಮುಂಚೆಯೇ ಬಿರಡೆ ತೆಗೆದಿದ್ದಳು. ಗಸಿ ಏಳಬಾರದೆಂದು ನಿಧಾನವಾಗಿ ಗ್ಲಾಸಿಗೆ ಬಗ್ಗಿಸಿದಳು. ಒಂದಕ್ಕೂ ಹೆಸರಿಡುವಂತಿರಲಿಲ್ಲ.

ಅಷ್ಟರಲ್ಲಿ ಶೇಖರಮ್ಮ ತಟ್ಟೆ ತಂದರು. ಬೆಳಗಿನಿಂದ ಒಲೆಯ ಮುಂದೆ ಕೂತು ಮಾಡಿದ ಹೋಳಿಗೆ, ಮೇಲೆ ತುಪ್ಪ ಹರಿಯುತ್ತಿತ್ತು. ಸೊಸೆಯ ಇಷ್ಟು ದೊಡ್ಡ ಕೆಲಸದ ಮಾತು, ಬಂದವರ ಬಾಯಿ ಸಿಹಿ ಮಾಡದೆ ಶುರು ಮಾಡುವುದುಂಟೇ?

"ಮೊದ್ಲು ಇದನ್ನ ತಿನ್ನೋ ತಮ್ಮಾ. ಆಮ್ಯಾಲ ನಿಮ್ಮ ಯವಾರ."

ಹನಮೇಶ ಕೈಮುಗಿದು ತಟ್ಟೆ ತಗೊಂಡ. ಒಂದು ತಿಂದ. ಅದು ಮುಗಿಯುವುದರೊಳಗೆ ಇನ್ನೊಂದು ಬಿತ್ತು. ಶೇಖರಮ್ಮನ ಕೈಗೆ ಬೇಡ ಅನ್ನುವ ಮಾತು ಕೇಳಿಸುವುದೇ ಇಲ್ಲ. ಎರಡನೆಯದನ್ನೂ ಮುಗಿಸಿ, ಕೈ ತೊಳೆದು, ಗ್ಲಾಸು ಎತ್ತಿದ. ಬೆಳಕಿಗೆ ಹಿಡಿದು ನೋಡಿದ. ಮೂಸಿದ. ಮುಖ ಅರಳಿತು.

ಒಂದು ಗುಟುಕು ಕುಡಿದ. ಅರಳಿದ ಮುಖ ಹಾಗೇ ಮುದುಡಿತು.

"ಏನಾತ್ರಿ ಅಣ್ಣಾರ?"

"ಏನಿಲ್ರಿ ಅಕ್ಕಾರ..." ಇನ್ನೊಂದು ಗುಟುಕು ಕುಡಿದ, ಮತ್ತೂ ಕೆಟ್ಟ ಮುಖ ಮಾಡಿದ. "ವಾಸನಿ ಭಾಳ ಚಲೋ ಐತ್ರಿ. ಆದ್ರ ಹುಳಿ ಹೆಚ್ಚಾಗೈತಿ. ಸುಳ್ಳು ಹೇಳಬಾರದು ನಿಮ್ಮ ಮುಂದ. ಮುಂದಿನ ವರ್ಷದ್ದು ಮಾಡಿದಾಗ ಹೇಳಿ ಕಳಸ್ರಿ, ಮತ್ತ ಬರ್ತೀನಿ."

ವಾಣಿಶ್ರೀ ಬಾಟಲಿಗೆ ಕೈ ಹಾಕಿದಳು. ಅತ್ತೆ ತನ್ನ ಕೈಗೂ ಹೋಳಿಗೆ ಕೊಟ್ಟಿದ್ದರು, ಅರ್ಧ ತಿಂದಿದ್ದಳು. ಒಂದು ಗ್ಲಾಸಿಗೆ ಸ್ವಲ್ಪ ಹಾಕಿಕೊಂಡು ಬಾಯಿಗಿಟ್ಟಳು. ಅಯ್ಯೋ ದೇವರೇ! ಹುಣಸೆಹಣ್ಣು ಕಿವುಚಿದ ನೀರು. ಮೊನ್ನೆ ಸಂಜೆ ಕುಡಿದಾಗ ಹೀಗಿರಲಿಲ್ಲ. ಯಾವಾಗ ಕೆಟ್ಟಿತು, ಹೇಗೆ ಕೆಟ್ಟಿತು? ಔಷಧ ಹಾಕದೆ ಇಡುತ್ತೇನೆ ಅಂತ ಜಂಬ ಕೊಚ್ಚಿದ್ದಕ್ಕೆ ಇದೇ ಸರಿ ಅನ್ನಿಸಿ ಕಣ್ಣು ತುಂಬಿದವು.

ಹನಮೇಶ ಗಂಗಾವತಿಯಲ್ಲಿ ಕೆಲಸವಿದೆ ಅಂದ. ಶೇಖರಮ್ಮ ಊಟ ಮಾಡಿಕೊಂಡು ಹೋಗು ಅಂತ ಎಷ್ಟು ಹೇಳಿದರೂ, "ಹೊಟ್ಟಿ ತುಂಬೇತ್ರಿ ಅಮ್ಮಾರ, ನಿಮ್ಮ ಹೋಳಿಗಿನ ಊಟ ಆತು" ಅಂತ ಕೈಮುಗಿದು ಜೀಪು ಹತ್ತಿಬಿಟ್ಟ. ವೈನು ಬೇಡ ಅಂದದ್ದಕ್ಕಿಂತ ಊಟ ಬಿಟ್ಟು ಹೋದದ್ದು ಶೇಖರಮ್ಮನಿಗೆ ಹೆಚ್ಚು ಚುಚ್ಚಿತು.

ಮಾಡಿದ ಅಡುಗೆ ಬಿಸಿಯಾಗಿತ್ತು, ತಿನ್ನದೆ ಇನ್ನೇನು ಮಾಡುವುದು? ಅತ್ತೆ ಸೊಸೆ ಇಬ್ಬರೇ ಕೂತರು. ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಪುಂಡಿ ಪಲ್ಯ, ಶೇಂಗಾ ಚಟ್ನಿ. ವಾಣಿಶ್ರೀ ಅಳುತ್ತಾ ತಿಂದಳು, ಖಾರಕ್ಕೆ ಅಳುತ್ತಿದ್ದಾಳೋ ದುಃಖಕ್ಕೋ ಅವಳಿಗೇ ಗೊತ್ತಾಗಲಿಲ್ಲ. ಒಂದೂವರೆ ರೊಟ್ಟಿ ಇಳಿದ ಮೇಲೆ ಗ್ಲಾಸಿನಲ್ಲಿ ಉಳಿದದ್ದು ಕಣ್ಣಿಗೆ ಬಿತ್ತು. ಸಕ್ಕರೆ ಹಾಕಿದರೆ ಎಷ್ಟು ಹಾಕಬೇಕಾದೀತು ಅಂತ ಲೆಕ್ಕ ಹಿಡಿಯಲು ಒಂದು ಗುಟುಕು ಕುಡಿದಳು.

ಕೈಯೊಳಗಿನ ತುತ್ತು ಹಾಗೇ ನಿಂತಿತು.

ಹುಳಿ ಎಲ್ಲಿ ಹೋಯಿತು? ಬದನೆಕಾಯಿಯ ಎಣ್ಣೆ, ಶೇಂಗಾದ ಜಿಡ್ಡು ಎಲ್ಲವನ್ನೂ ಬಾಯಿಯಿಂದ ತೊಳೆದು, ಹಣ್ಣಿನ ಘಮ ಒಂದನ್ನೇ ಉಳಿಸಿತ್ತು ವೈನು. ಖಾರದ ಉರಿ ಇಳಿದು ಇನ್ನೊಂದು ತುತ್ತು ಬೇಕು ಅನ್ನಿಸಿತು. ತಿಂದಳು, ಕುಡಿದಳು. ಮೊನ್ನೆ ಸಂಜೆಯದೇ ವೈನು! ಹಿಂದೆ ತಾನು ಕುಡಿದಾಗಲೆಲ್ಲ ರೊಟ್ಟಿಯ ಜೊತೆಗೇ ಕುಡಿದದ್ದು ನೆನಪಾಯಿತು. ಪಕ್ಕದಲ್ಲಿದ್ದ ಹೋಳಿಗೆಯ ತುಂಡು ಬಾಯಿಗೆ ಹಾಕಿಕೊಂಡು ಮತ್ತೆ ಒಂದು ಹನಿ ಕುಡಿದಳು. ಹುಣಸೆ ನೀರು.

ಅವಳು ಎದ್ದದ್ದೇ ಎಡಗೈಯಲ್ಲಿ ಹನಮೇಶನಿಗೆ ಫೋನು ಹಚ್ಚಿದಳು.

"ಅಣ್ಣಾರ, ಎಲ್ಲಿದೀರಿ?"

"ಕನಕಗಿರ್ಯಾಗ ಅದೀವ್ರಿ. ಬಾಯಿ ಸಿಹಿ ಸಿಹಿ ಆಗಿತ್ತು, ಮಿರ್ಚಿ ಭಜಿ ತಿನ್ನಾಕ ನಿಂತೀವಿ. ಯಾಕ್ರಿ?"

"ಅಲ್ಲೇ ನಿಲ್ರಿ. ಊರ ಹತ್ರಾನ ಬಂದೀನಿ, ಹತ್ತು ನಿಮಿಷ!"

ಬಂದಿದ್ದಳಂತೆ! ಕೈಯನ್ನೂ ತೊಳೆದಿರಲಿಲ್ಲ ಇನ್ನೂ. ನಾಲ್ಕು ರೊಟ್ಟಿ, ಡಬ್ಬಿಯಲ್ಲಿ ಎಣ್ಣೆಗಾಯಿ, ಚಟ್ನಿ ಎಲ್ಲ ಬಟ್ಟೆಯಲ್ಲಿ ಗಂಟು ಕಟ್ಟಿದಳು. ಬಾಟಲಿಯನ್ನು ಹಸಿ ಗೋಣಿಯ ಸಮೇತ ಸ್ಕೂಟಿಯ ಸೀಟಿನ ಕೆಳಗೆ ತುರುಕಿದಳು. ಶೇಖರಮ್ಮ ಬಾಗಿಲಲ್ಲಿ ನಿಂತು "ಎಲ್ಲಿಗೆ ಹೊಂಟಿಯವ್ವಾ?" ಅಂತ ಕೂಗಿದರೆ, "ಬುತ್ತಿ ಕೊಡಾಕ್ರಿ ಅತ್ತಿ!" ಅಂತ ತಿರುಗಿ ಕೂಗಿದಳು. ಊಟ ಬಿಟ್ಟು ಹೋದವನಿಗೆ ಬುತ್ತಿ ಮುಟ್ಟಿಸುತ್ತಾಳೆ ಅಂತ ಶೇಖರಮ್ಮನ ಮನಸ್ಸಿಗೆ ಅಷ್ಟು ಸಮಾಧಾನ.

ಹತ್ತು ನಿಮಿಷ ಅಂದವಳು ತಲುಪಿದ್ದು ಮುಕ್ಕಾಲು ತಾಸಿಗೆ. ನೂರಸಾಬ ಅಷ್ಟರಲ್ಲಿ ಮೂರು ಪ್ಲೇಟು ಮಿರ್ಚಿ ಮುಗಿಸಿ ಜೀಪಿಗೆ ಒರಗಿ ನಿಂತಿದ್ದ. "ನಿಮ್ಮ ಹತ್ತು ನಿಮಿಷ ಭಾಳ ದೊಡ್ಡವು ಅದಾವ ನೋಡ್ರಿ ಬಾಯಾರ" ಅಂತ ನಕ್ಕ. ರಸ್ತೆಯಲ್ಲಿ ಬಾಟಲಿ ತೆಗೆಯುವುದು ಸರಿಯಲ್ಲ ಅಂತ ಊರಾಚೆಯ ಹುಣಸೆ ಮರದ ಕೆಳಗೆ ಜೀಪು ಒಯ್ದು ನಿಲ್ಲಿಸಿದ. ವಾಣಿಶ್ರೀ ಗಂಟು ಬಿಚ್ಚಿ, ರೊಟ್ಟಿಯ ಮೇಲೆ ಬದನೆಕಾಯಿ ಇಟ್ಟು ಹನಮೇಶನ ಕೈಗೆ ಕೊಟ್ಟಳು.

"ಮೊದ್ಲು ಇದನ್ನ ತಿನ್ರಿ."

ಅವನು ನಾಲ್ಕು ತುತ್ತು ತಿಂದ. ಅವಳು ಗ್ಲಾಸು ಕೊಟ್ಟಳು. ಹಾದಿಯ ತುಂಬ ಕುಲುಕಿ ಗಸಿಯೆಲ್ಲ ಎದ್ದು, ವೈನು ಕೆಂಪು ಮಣ್ಣಿನ ಹೊಸ ನೀರಿನಂತಾಗಿತ್ತು. ಹನಮೇಶ ಕುಡಿದ. ಕಣ್ಣು ಮುಚ್ಚಿದ. ಇನ್ನೊಂದು ತುತ್ತು ತಿಂದು ಮತ್ತೆ ಕುಡಿದ. ಆಮೇಲೆ ಅವಳ ಮುಖ ನೋಡಿದ, ಬಾಟಲಿ ನೋಡಿದ.

"ಇದು ಬ್ಯಾರೆ ಡ್ರಮ್ಮಿಂದೇನ್ರಿ?"

"ಅದ ಬಾಟ್ಲಿರಿ. ನೀವು ಹೋಳಿಗಿ ತಿಂದು ಕುಡದ್ರಿ."

ಹನಮೇಶ ಹಣೆ ಹಣೆ ಬಡಿದುಕೊಂಡ. "ಯಪ್ಪಾ ಯಪ್ಪಾ! ಗೋವಾದಾಗ ಹತ್ತು ವರ್ಷ ಬಂದಬಂದವ್ರಿಗೆಲ್ಲ ಪಾಠ ಹೇಳೀನ್ರಿ ನಾನು. ಕೇಕ್ ತಿಂದು ಇಂಥಾ ವೈನ್ ಕುಡೀಬ್ಯಾಡ್ರಿ, ಹುಳಿ ಅಂದು ಬೈತೀರಿ ಅಂತ. ಹೋಳಿಗಿನೂ ಸಿಹಿ ಅನ್ನೂದು ನನ್ನ ತಲಿಗೆ ಬರ್ಲೇ ಇಲ್ಲ ನೋಡ್ರಿ! ಹೋಳಿಗಿ ಅಂದ್ರ ಹೋಳಿಗಿ. ಅಮ್ಮಾರು ಕೊಟ್ರು, ತಿಂದೆ."

"ನನಗರ ಎಲ್ಲಿ ಬಂತ್ರಿ?" ಅಂದಳು ವಾಣಿಶ್ರೀ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನೂರಸಾಬ ಕುಡಿಯುವವನಲ್ಲ, ಅವನ ಗಮನ ಬದನೆಕಾಯಿಯ ಡಬ್ಬಿಯ ಮೇಲಿತ್ತು. ನಗುವವರು ನಗಲಿ ಅಂತ ಅವನು ಅದನ್ನು ಹತ್ತಿರಕ್ಕೆ ಎಳೆದುಕೊಂಡ.

ನಕ್ಕು ಮುಗಿದ ಮೇಲೆ ವಾಣಿಶ್ರೀ ಕೇಳಲೇಬೇಕಾದ್ದನ್ನು ಕೇಳಿದಳು. "ಮುಂದಿನ ಸುಗ್ಗಿಗೆ ಸಕ್ರಿ ಹಾಕ್ಬೇಕನ್ರಿ?"

"ಹಾಕಿದ್ರ ನಾ ಬರಂಗಿಲ್ರಿ" ಅಂದ ಹನಮೇಶ. "ಇದ್ದದ್ದು ಅಷ್ಟೂ ಕೊಡ್ರಿ. ಇದು ಇಟ್ಟು ಕುಡಿಯೂ ವೈನ್ ಅಲ್ಲ, ಬ್ಯಾಸಿಗಿ ಬರೂದ್ರಾಗ ಕುಡದು ಮುಗಸಬೇಕು. ತಂಪು ಮಾಡಿ ಕೊಡ್ತೀನಿ, ರೊಟ್ಟಿ ಎಣ್ಣೆಗಾಯಿ ಕೂಡ. ಖಾರದ ಮೀನಿಗೂ ಹೊಂದತೈತಿ. ಮತ್ತ ಬರೂ ಸುಗ್ಗಿಗೆ ಇನ್ನೆರಡು ಡ್ರಮ್ ಹೆಚ್ಗಿ ಮಾಡ್ರಿ, ಹಿಂಗ ಮಾಡ್ರಿ."

ಹಿಂಗ ಮಾಡ್ರಿ. ಆ ಎರಡು ಮಾತು ಕೇಳಲಿಕ್ಕೆ ಅವಳು ಐದು ವರ್ಷ ಕಾದಿದ್ದಳು. ತಿರುಗಿ ಬರುವಾಗ ಸ್ಕೂಟಿಯ ಮೇಲೆ ಒಬ್ಬಳೇ ಜೋರಾಗಿ ಹಾಡಿಕೊಂಡು ಬಂದಳು. ಎದುರಿಗೆ ಬಂದ ಕುರಿ ಹಿಂಡಿನವನು ದಾರಿ ಬಿಟ್ಟು ನಿಂತು ನೋಡಿದ.

ಮನೆಗೆ ಬಂದಾಗ ಶೇಖರಮ್ಮ ಕಟ್ಟೆಯ ಮೇಲೆ ಕೂತಿದ್ದರು. ವಾಣಿಶ್ರೀ ಓಡಿ ಹೋಗಿ ಅವರ ಎರಡೂ ಕೈ ಹಿಡಿದುಕೊಂಡಳು. ಎಲ್ಲ ಒಯ್ಯುತ್ತಾನಂತೆ, ಸಕ್ಕರೆ ಬೇಡವಂತೆ, ಹೀಗೇ ಮಾಡಬೇಕಂತೆ ಅಂತ ಒಂದೇ ಉಸಿರಿಗೆ ಹೇಳಿದಳು. ಮುದುಕಿಯ ಕಣ್ಣು ಮಿನುಗಿದವು. "ಹಂಗಾದ್ರ ಮುಂಜಾನಿ ಯಾಕ ಹುಳಿ ಅಂದ?" ಅಂತ ಕೇಳಿದರು.

ವಾಣಿಶ್ರೀ ತಡವರಿಸಿದಳು. ಬೆಳಗಿನಿಂದ ಬೆವರು ಸುರಿಸಿ ಹೋಳಿಗೆ ಮಾಡಿದ ಜೀವಕ್ಕೆ ಹೇಗೆ ಹೇಳುವುದು? ಆದರೆ ಇವರ ಮುಂದೆ ಸುಳ್ಳು ನಾಲಗೆಗೆ ಬರಲಿಲ್ಲ. "ಸಿಟ್ಟಾಗಬ್ಯಾಡ್ರಿ ಅತ್ತಿ. ಹೋಳಿಗಿ ತಿಂದ ಬಾಯಿಗೆ ಹುಳಿ ಇಲ್ಲದ್ದೂ ಹುಳಿ ಹತ್ತತೈತ್ರಿ. ತಪ್ಪು ನಿಮ್ಮದಲ್ಲ, ನನಗೂ ತಿಳೀಲಿಲ್ಲ."

ಶೇಖರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ವಾಣಿಶ್ರೀಗೆ ಹೇಳಬಾರದಿತ್ತು ಅನ್ನಿಸತೊಡಗಿತು.

"ಸಿಹಿ ತಿಂದ ಮ್ಯಾಲ ಏನ್ ಕುಡದ್ರೂ ಹಂಗೇನು?" ಅಂತ ಕೇಳಿದರು ಕೊನೆಗೆ. "ಮಜ್ಜಿಗಿನೂ?"

"ಮಜ್ಜಿಗಿನೂ ಹಂಗರಿ."

ಶೇಖರಮ್ಮ ಕಟ್ಟೆಯಿಂದ ಎದ್ದು ನಿಂತರು. ಸೆರಗು ಸೊಂಟಕ್ಕೆ ಬಿಗಿದರು. "ನಲವತ್ತು ವರ್ಸ" ಅಂದರು. "ಈ ಮನಿಗೆ ಬಂದ ಬೀಗರಿಗೆಲ್ಲ ಹೋಳಿಗಿ ತಿನಿಸಿ, ಮ್ಯಾಲೊಂದು ತಂಬಿಗಿ ಮಜ್ಜಿಗಿ ಕೊಟ್ಟೀನಿ. ಆಗಿಂದಾಗ ಕಡದ ಮಜ್ಜಿಗಿ ವಾಣೀ, ಸಕ್ರಿಯಂಥಾ ಮಜ್ಜಿಗಿ. ನಲವತ್ತು ವರ್ಸ ಯಲಬುರ್ಗಾದ ನಮ್ಮ ನಾದಿನಿ ಹತ್ತು ಮಂದ್ಯಾಗ ನನ್ನ ಹುಳಿ ಮಜ್ಜಿಗಿ ಶೇಖರಮ್ಮ ಅಂತ ಆಡ್ಯಾಳ. ನಾನೂ ಹೌದೇನೋ ಅಂದ್ಕೊಂಡು ಬಾಯಿ ಮುಚ್ಚಿಕೊಂಡೀನಿ."

ಕಣ್ಣೀರು ಕೆನ್ನೆಗೆ ಇಳಿಯಿತು, ಮುಖದ ತುಂಬ ನಗು. ಸೊಸೆಯ ಕೈಯೊಳಗಿನ ಫೋನಿನ ಕಡೆ ಬೆರಳು ಮಾಡಿ ಹೇಳಿದರು:

"ಹಚ್ಚು ಆಕಿಗೆ ಫೋನ್."