ಹದಿನಾಲ್ಕು ರೋಗಿ ಬಸ್ಸುಗಳು

ಲೆಕ್ಕದಲ್ಲಿ ತಪ್ಪಿದೆಯೇ? ಇಲ್ಲ, ಮೂರು ಸಲ ನೋಡಿದ್ದಾನೆ. ಅಮ್ಮಾನ್ ನಗರದ ಏರುಗಳನ್ನು ಹತ್ತಿಳಿಯುವ ವಿದ್ಯುತ್ ಬಸ್ಸಿಗೆ ಮಧ್ಯಾಹ್ನ ನಲವತ್ತು ನಿಮಿಷ ಚಾರ್ಜು ಸಿಗದಿದ್ದರೆ, ಉಪವಾಸ ಬಿಡಲು ಮನೆಗೆ ಧಾವಿಸುವ ಜನ ಸಂಜೆ ನಡುದಾರಿಯಲ್ಲಿ ಉಳಿಯುತ್ತಾರೆ. ಹಾಗಿದ್ದರೆ ಅಂಕಿಗಳು ಯಾಕೆ ಮಂಜುಮಂಜಾಗಿ ಕಾಣುತ್ತಿವೆ? ಅದು ಲೆಕ್ಕದ ದೋಷವಲ್ಲವೆಂದು ಝುಹ್ದಿಗೆ ಗೊತ್ತಿತ್ತು. ಸಕ್ಕರೆ ಕಾಯಿಲೆಯವನು ಉಪವಾಸ ಮಾಡಕೂಡದೆಂದು ವೈದ್ಯರು ಬರೆದುಕೊಟ್ಟ ಚೀಟಿ ಅವನ ಜೇಬಿನಲ್ಲಿತ್ತು.

ರಂಜಾನಿನ ಮೊದಲ ದಿನ. ಚಾರ್ಜಿಂಗ್ ವೇಳಾಪಟ್ಟಿ ಬರೆದವನು ಡಿಪೋದ ಮೇಲ್ವಿಚಾರಕನಾದ ಅವನೇ. ಡಿಪೋದಲ್ಲಿ ಹದಿನಾಲ್ಕು ಬಸ್ಸುಗಳು ಸಾಲಾಗಿ ನಿಂತಿದ್ದವು. ಒಬ್ಬ ಡ್ರೈವರನೂ ಚಾರ್ಜರಿನ ವಯರು ಮುಟ್ಟಲಿಲ್ಲ.

“ಉಸ್ತಾದ್, ನಮ್ ನಾಲಿಗೆ ಒಣಗಿ ಚಕ್ಕಳ ಆಗಿದೆ. ಈ ಬಸ್ಸು ನಮ್ ಕಣ್ಣೆದುರೇ ಹೊಟ್ಟೆ ತುಂಬಿಸ್ಕೊಳ್ಳೋದಾ?” ಎಂದ ಹಿರಿಯ ಡ್ರೈವರ್ ಅಬೂ ಗಾಲಿಬ್.

“ಅದು ಯಂತ್ರ, ಚಿಕ್ಕಪ್ಪಾ.”

“‘ಮುಂದಿನ ನಿಲ್ದಾಣ’ ಅಂತ ದಿನವಿಡೀ ವಟಗುಟ್ಟೋದು ಯಾರು ಮತ್ತೆ? ಬಾಯಿ ಇದ್ಮೇಲೆ ಉಪವಾಸಾನೂ ಇದೆ.”

“ಪ್ರಯಾಣದಲ್ಲಿರೋರಿಗೆ ಉಪವಾಸದಿಂದ ವಿನಾಯಿತಿ ಇದೆಯಲ್ಲ? ದಿನಕ್ಕೆ ನೂರೆಂಬತ್ತು ಕಿಲೋಮೀಟರ್ ಓಡುತ್ತೆ.”

“ಹೋದ ದಾರೀಲೇ ವಾಪಸ್ ಬರೋದು ಪ್ರಯಾಣಾನಾ? ಗಾಣದೆತ್ತನ್ನ ಯಾತ್ರಿಕ ಅಂತೀರಾ?”

ಡ್ರೈವರುಗಳು ನಕ್ಕರು. ಝುಹ್ದಿಯ ಕೈ ಜೇಬಿನ ಚೀಟಿಯತ್ತ ಹೋಯಿತು.

“ಕಾಯಿಲೆ ಇದ್ರೆ?”

ಅಬೂ ಗಾಲಿಬ್‌ನ ಮುಖ ಒಮ್ಮೆಲೇ ಮೆತ್ತಗಾಯಿತು. “ಅಯ್ಯೋ, ಮೊದ್ಲೇ ಹೇಳ್ಬಾರ್ದಾ ಮಗಾ? ಪಾಪ ಬಸ್ಸುಗಳು! ಚೀಟಿ ಇದ್ಯಾ?”

ಆ ಮುಖ ತನಗಾಗಿ ಹಾಗೆ ಮೆತ್ತಗಾಗುವುದನ್ನೇ ಝುಹ್ದಿ ಎರಡು ವರ್ಷದಿಂದ ತಪ್ಪಿಸಿಕೊಂಡು ಬಂದಿದ್ದ.

ಕೂತು ಹದಿನಾಲ್ಕು ಚೀಟಿ ಬರೆದ. ರೋಗಿಯ ಹೆಸರಿನ ಜಾಗದಲ್ಲಿ ಬಸ್ಸಿನ ನಂಬರು. ಅದರ ಕೆಳಗೆ, ಜೇಬಿನ ಚೀಟಿಯಿಂದ ಅಕ್ಷರಕ್ಕೆ ಅಕ್ಷರ ಇಳಿಸಿಕೊಂಡದ್ದು: ‘ಹೊತ್ತಿಗೆ ಸರಿಯಾಗಿ ಆಹಾರ ಸಿಗದಿದ್ದರೆ ಕುಸಿದು ಬೀಳುವ ಸಂಭವವಿದೆ.’ ಓದಿದ ಡ್ರೈವರುಗಳ ಕಣ್ಣು ತೇವವಾಯಿತು. ಉಪವಾಸದವರಿಗೆ ಕಾಣದಿರಲೆಂದು, ರಂಜಾನಿನಲ್ಲಿ ಹೋಟೆಲಿನವರು ಮಾಡುವ ಹಾಗೆ, ಚಾರ್ಜರಿನ ಸಾಲಿಗೆ ಪರದೆ ಕಟ್ಟಿದರು. ಒಳಗೆ ಯಾರೂ ಹಾರ್ನ್ ಹೊಡೆಯಬಾರದೆಂದು ತೀರ್ಮಾನವಾಯಿತು. ಏಳನೇ ನಂಬರಿನ ಬಸ್ಸಿನ ಕನ್ನಡಿಗೆ ಯಾರೋ ಮಫ್ಲರ್ ಸುತ್ತಿದರು.

ಆ ಸಂಜೆ ಎಲ್ಲರೂ ಹೊತ್ತಿಗೆ ಮುಂಚೆ ಮನೆ ಸೇರಿದರು.

ಅಂದಿನಿಂದ ದಿನವೂ ಮಧ್ಯಾಹ್ನ ಝುಹ್ದಿ ವಯರು ನೋಡುವ ನೆಪದಲ್ಲಿ ಪರದೆಯ ಹಿಂದೆ ಹೋಗಿ, ಒಂದು ರೊಟ್ಟಿಯನ್ನು ಸದ್ದಾಗದಂತೆ ಅಗಿಯುತ್ತಿದ್ದ.

“ರೋಗಿ ಹೇಗಿದ್ದಾನೆ ಮಗಾ?” ಹೊರಗಿನಿಂದ ಅಬೂ ಗಾಲಿಬ್ ಪಿಸುಗುಡುತ್ತಿದ್ದ.

ತುತ್ತು ನುಂಗಿ, “ಚೇತರಿಸ್ಕೋತಿದಾನೆ, ಚಿಕ್ಕಪ್ಪಾ.”

ತನಗೂ ಕಾಯಿಲೆಯಿದೆ ಎಂದು ಝುಹ್ದಿ ಯಾರಿಗೂ ಹೇಳಲಿಲ್ಲ.